ಗಿಡದ ಟ್ಯಾಂಕಿಗೆ ಮನೆಯಲ್ಲೇ ಕಾರ್ಬನ್ ಡೈಆಕ್ಸೈಡ್: ನಮ್ಮ ಬಿಸಿಲಿಗೆ, ನಮ್ಮ ನೀರಿಗೆ ಯಾವ ಸೆಟಪ್ ಸರಿ?

ನವನಗರದ ಹೊಸಬ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ ರೀ. ಮೀನಿನ ಜೊತೆ ನೀರೊಳಗೇ ಗಿಡ ಬೆಳೆಸುವ ನನ್ನ ಟ್ಯಾಂಕಿಗೆ ಮನೆಯಲ್ಲೇ ಕಾರ್ಬನ್ ಡೈಆಕ್ಸೈಡ್ ಕೊಡಬೇಕು ಅಂದುಕೊಂಡಿದ್ದೇನೆ. ತಿಳಿದವರು ಸ್ವಲ್ಪ ದಾರಿ ತೋರಿಸಿ.

ಟ್ಯಾಂಕ್ ಎರಡು ಅಡಿ ಉದ್ದ. ಅಗಲ, ಎತ್ತರ ಒಂದೊಂದು ಅಡಿ. ಮಣ್ಣು, ಕಲ್ಲು ಬಿಟ್ಟು 45 ಲೀಟರ್ ನೀರು ಹಿಡಿಯುತ್ತದೆ. ಬೋರ್‌ವೆಲ್ ನೀರು, ತುಂಬಾ ಗಡಸು. ಕೊಡಪಾನದ ಅಂಚಿಗೆಲ್ಲ ಬಿಳಿ ಕಟ್ಟುತ್ತದೆ. ಮೀನುಗಳಲ್ಲಿ ಒಂದು ಜೋಡಿ ಗೌರಾಮಿ, ಒಂದಿಷ್ಟು ರಾಸ್ಬೊರಾ, ಗಪ್ಪಿ ಇವೆ. ಮೇಲೆ 50 ವ್ಯಾಟ್ ಎಲ್‌ಇಡಿ ಫ್ಲಡ್ ಲೈಟ್, ದಿನಕ್ಕೆ ಹತ್ತು ಗಂಟೆ ಉರಿಯುತ್ತದೆ.

ವ್ಯಾಲಿಸ್ನೇರಿಯಾ ಚೆನ್ನಾಗಿ ಬೆಳೆಯುತ್ತಿದೆ. ರೊಟಾಲಾ ಮಾತ್ರ ನಿಲ್ಲುತ್ತಿಲ್ಲ. ಕೆಳಗಿನ ಎಲೆಗಳು ಕಪ್ಪಾಗಿ ಉದುರುತ್ತವೆ, ತುದಿ ಸಣ್ಣಗಾಗುತ್ತಾ ಹೋಗುತ್ತದೆ. ಗಾಜಿಗೆ, ಫಿಲ್ಟರ್ ಪೈಪಿಗೆ ಪಾಚಿ. ಸಿಲಿಂಡರ್ ಸೆಟ್ ಈಗಲೇ ತರುವಷ್ಟು ಶಕ್ತಿ ಇಲ್ಲ. ಸಕ್ಕರೆ ಮತ್ತು ಈಸ್ಟ್ ಹಾಕಿ ಬಾಟಲಿಯಲ್ಲಿ ಮಾಡುವುದು ಅಗ್ಗ ಅಂತ ಓದಿದೆ. ಸಿಟ್ರಿಕ್ ಆಸಿಡ್ ಮತ್ತು ಅಡುಗೆ ಸೋಡಾ ಅಂತಲೂ ಕೆಲವರು ಹೇಳುತ್ತಾರೆ. ಯಾವುದು ಮಾಡಲಿ?


ಗುಮ್ಮಟನಗರಿ, ವಿಜಯಪುರ

ಮೊದಲು ಲೈಟ್ ಆರು ಗಂಟೆಗೆ ಇಳಿಸಿ ತಮ್ಮಾ. ಇವತ್ತೇ ಇಳಿಸಿ. ಆಮೇಲೆ ಗ್ಯಾಸಿನ ಮಾತು.

ಒಂದಡಿ ಎತ್ತರದ ಟ್ಯಾಂಕಿಗೆ 50 ವ್ಯಾಟ್ ಫ್ಲಡ್ ಬಹಳ ಜಾಸ್ತಿ. ಬೆಳಕು ಜಾಸ್ತಿ ಆದಷ್ಟೂ ಗಿಡ ಹೆಚ್ಚು ಕಾರ್ಬನ್ ಕೇಳುತ್ತದೆ, ಹೆಚ್ಚು ಗೊಬ್ಬರ ಕೇಳುತ್ತದೆ. ಅವೆರಡೂ ಸಿಗದಿದ್ದರೆ ಗಿಡ ಸೊರಗುತ್ತದೆ, ಉಳಿದ ಬೆಳಕು ಪಾಚಿಯ ಪಾಲಾಗುತ್ತದೆ. ನಿಮ್ಮಲ್ಲಿ ಆಗಿರುವುದು ಅದೇ. ಆಗುವುದಾದರೆ ಲೈಟನ್ನು ಒಂದಡಿ ಮೇಲಕ್ಕೂ ಎತ್ತಿ.

ವ್ಯಾಲಿಸ್ನೇರಿಯಾ ಬೆಳೆಯುತ್ತಿದೆ, ರೊಟಾಲಾ ಸಾಯುತ್ತಿದೆ ಅಂದಿರಲ್ಲ, ಅದರಲ್ಲೇ ನಿಮ್ಮ ಟ್ಯಾಂಕಿನ ಕಥೆ ಇದೆ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ತುಂಬಾ ಇರುತ್ತದೆ. ವ್ಯಾಲಿಸ್ನೇರಿಯಾ, ಹೈಡ್ರಿಲಾ ಇಂಥ ಗಿಡಗಳು ಅದನ್ನು ಒಡೆದು ಕಾರ್ಬನ್ ತೆಗೆದುಕೊಳ್ಳಬಲ್ಲವು. ರೊಟಾಲಾಗೆ ಆ ಶಕ್ತಿ ಇಲ್ಲ. ಅದಕ್ಕೆ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡೇ ಬೇಕು. ಹಾಗಾಗಿ ನೀವು ಗ್ಯಾಸ್ ಕೊಡಲು ಹೊರಟಿದ್ದು ಸರಿಯಾಗಿಯೇ ಇದೆ.

ಈಗ ಯಾವುದು ಅನ್ನುವ ಪ್ರಶ್ನೆ. ನಮ್ಮ ಬಾಗಲಕೋಟೆ, ವಿಜಯಪುರಕ್ಕೆ ನಾನು ಸಿಟ್ರಿಕ್ ಆಸಿಡ್ ಸೋಡಾ ಸೆಟಪ್ ಒಂದನ್ನೇ ಹೇಳುತ್ತೇನೆ. ಕಾರಣ ಒಂದೇ, ಅದನ್ನು ನಿಲ್ಲಿಸಬಹುದು. ಈಸ್ಟ್ ಬಾಟಲಿಯನ್ನು ನಿಲ್ಲಿಸಲು ಆಗುವುದಿಲ್ಲ. ಹಗಲು ರಾತ್ರಿ ಅದು ಗ್ಯಾಸ್ ಬಿಡುತ್ತಲೇ ಇರುತ್ತದೆ. ರಾತ್ರಿ ಗಿಡಗಳೂ ಮೀನಿನ ಜೊತೆ ಆಕ್ಸಿಜನ್ ಎಳೆಯುತ್ತವೆ, ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಅದರ ಮೇಲೆ ಬಾಟಲಿಯ ಗ್ಯಾಸೂ ಸೇರಿದರೆ ಬೆಳಗಿನ ಜಾವಕ್ಕೆ ಮೀನು ನೀರಿನ ಮೇಲೆ ಬಾಯಿ ಬಿಡುತ್ತಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಆ ಬಿಸಿಗೆ ಈಸ್ಟ್ ಎದ್ದುಬಿಡುತ್ತದೆ. ಮೂರು ವಾರ ಬರಬೇಕಾದ ಬಾಟಲಿ ಒಂದೇ ವಾರದಲ್ಲಿ ಎಲ್ಲಾ ಗ್ಯಾಸ್ ಕಾರಿ ಸುಮ್ಮನಾಗುತ್ತದೆ. ಮೊದಲ ಎರಡು ಮೂರು ದಿನ ಮೀನಿಗೆ ಕಷ್ಟ, ಕೊನೆಯ ದಿನಗಳಲ್ಲಿ ಗಿಡಕ್ಕೆ ಏನೂ ಇಲ್ಲ. ಹೀಗೆ ಏರಿಳಿತ ಆಗುವ ಗ್ಯಾಸಿಗಿಂತ ಗ್ಯಾಸೇ ಇಲ್ಲದ ಟ್ಯಾಂಕ್ ಮೇಲು. ಪೈಪಿನ ಮೇಲೆ ಕಪ್ಪು ಗಡ್ಡದ ಪಾಚಿ ಬರುವುದು ಹೆಚ್ಚಾಗಿ ಇಂಥ ಟ್ಯಾಂಕುಗಳಲ್ಲೇ.

ಸೆಟಪ್ ಹೀಗೆ. ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಎರಡು ಬೇಕು. ಎರಡೂ ಒಂದೇ ಥರದ್ದಿರಲಿ. ಕುಡಿಯುವ ನೀರಿನ ಬಾಟಲಿ ಬೇಡ, ಅದು ತೆಳು. ಗಾಜಿನ ಬಾಟಲಿಯಂತೂ ಬೇಡವೇ ಬೇಡ, ಒಡೆದರೆ ಚೂರು ಮುಖಕ್ಕೆ ಬರುತ್ತವೆ. ಸೋಡಾ ತುಂಬುವ ಬಾಟಲಿ ಒತ್ತಡ ತಡೆಯಲೆಂದೇ ಮಾಡಿದ್ದು. ಎರಡಕ್ಕೂ ಕೂರುವ ಜೋಡಿ ಮುಚ್ಚಳದ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರಲ್ಲಿ ಒತ್ತಡ ತೋರಿಸುವ ಪ್ರೆಶರ್ ಗೇಜ್, ಗ್ಯಾಸನ್ನು ಬೇಕಾದಷ್ಟೇ ಸಣ್ಣಗೆ ಬಿಡುವ ನೀಡಲ್ ವಾಲ್ವ್ ಎರಡೂ ಇರುತ್ತವೆ. ಉಳಿದದ್ದೆಲ್ಲ ಕೈಯಲ್ಲೇ ಮಾಡಿ, ಈ ಮುಚ್ಚಳಕ್ಕೆ ಮಾತ್ರ ದುಡ್ಡು ಹಾಕಿ.

ಒಂದು ಬಾಟಲಿಗೆ 200 ಗ್ರಾಂ ಸಿಟ್ರಿಕ್ ಆಸಿಡ್, 600 ಮಿಲೀ ನೀರು. ಕುಲುಕಿದರೆ ಪೂರ್ತಿ ಕರಗುತ್ತದೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೆ ಕೊಡುತ್ತಾರೆ. ಇನ್ನೊಂದಕ್ಕೆ 260 ಗ್ರಾಂ ಅಡುಗೆ ಸೋಡಾ, 200 ಮಿಲೀ ನೀರು. ಇದು ಪೂರ್ತಿ ಕರಗುವುದಿಲ್ಲ, ತಳದಲ್ಲಿ ಗಸಿ ನಿಲ್ಲುತ್ತದೆ. ನಿಲ್ಲಲಿ. ಬಟ್ಟೆ ಒಗೆಯುವ ಸೋಡಾ ಬೇರೆ, ಅದನ್ನು ತರಬೇಡಿ. ನೀಡಲ್ ವಾಲ್ವ್ ಮುಚ್ಚಿ ಆಸಿಡ್ ಬಾಟಲಿಯನ್ನು ಮೆಲ್ಲಗೆ ಅಮುಕಿದರೆ ಸ್ವಲ್ಪ ಆಸಿಡ್ ಸೋಡಾ ಬಾಟಲಿಗೆ ಇಳಿಯುತ್ತದೆ. ಬುಸ್ಸೆಂದು ನೊರೆ ಏಳುತ್ತದೆ, ಗೇಜಿನ ಮುಳ್ಳು ಏರುತ್ತದೆ. 1ರಿಂದ 2 ಕೆಜಿ ಒತ್ತಡ ಸಾಕು. ಎರಡೂ ಬಾಟಲಿ ಕಲ್ಲಿನಂತೆ ಗಟ್ಟಿಯಾಗುತ್ತವೆ. ಮುಂದೆ ನೀವು ಗ್ಯಾಸ್ ಬಳಸಿದಂತೆ ಸೋಡಾ ಬಾಟಲಿಯ ಒತ್ತಡ ಇಳಿಯುತ್ತದೆ. ಆಸಿಡ್ ಬಾಟಲಿಯಲ್ಲಿ ಉಳಿದ ಒತ್ತಡ ಇನ್ನಷ್ಟು ಆಸಿಡನ್ನು ಆ ಕಡೆ ತಳ್ಳುತ್ತದೆ. ತನ್ನಷ್ಟಕ್ಕೆ ತಾನೇ ನಡೆಯುತ್ತದೆ.

ವಾಲ್ವಿನಿಂದ ಮುಂದೆ ಗುಳ್ಳೆ ಎಣಿಸಲು ಒಂದು ಚಿಕ್ಕ ಬಾಟಲಿ, ಅದರ ನಂತರ ಚೆಕ್ ವಾಲ್ವ್, ಆಮೇಲೆ ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಡಿಫ್ಯೂಸರ್. ಚೆಕ್ ವಾಲ್ವ್ ಮರೆತರೆ ಗ್ಯಾಸ್ ಮುಗಿದ ರಾತ್ರಿ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಬರುತ್ತದೆ. ಎರಡು ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರು ಮಾಡಿ.


ಟಿಳಕವಾಡಿ ಟ್ಯಾಂಕ್, ಬೆಳಗಾವಿ

ಅಣ್ಣಾರ ಮಾತಿಗೆ ಗೌರವ ಇದೆ, ಆದರೆ ಈಸ್ಟನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ನಾನು ಬೆಳಗಾವಿಯಲ್ಲಿ ಈಸ್ಟ್ ಬಾಟಲಿಯಿಂದಲೇ ಗಿಡ ಬೆಳೆಸುತ್ತಿದ್ದೇನೆ. ನಮ್ಮೂರು ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲಿದೆ. ಮಳೆಗಾಲ, ಚಳಿಗಾಲದಲ್ಲಿ ಮನೆಯೊಳಗೆ ತಂಪು. ಬಾಟಲಿ ಎರಡೂವರೆ, ಮೂರು ವಾರ ಆರಾಮವಾಗಿ ಬರುತ್ತದೆ.

ಸಕ್ಕರೆ ಬದಲು ನಾನು ಬೆಲ್ಲ ಹಾಕುತ್ತೇನೆ. ಮಹಾಲಿಂಗಪುರದ ಬೆಲ್ಲ ಬಾಗಲಕೋಟೆಯವರಿಗೆ ಮನೆ ಬಾಗಿಲಲ್ಲೇ ಸಿಗುತ್ತದೆ. ಬೆಲ್ಲದಲ್ಲಿ ಖನಿಜಾಂಶ ಇರುವುದರಿಂದ ಈಸ್ಟ್ ಚುರುಕಾಗಿ ಏಳುತ್ತದೆ. ಎರಡು ಲೀಟರಿನ ಬಾಟಲಿಗೆ 300 ಗ್ರಾಂ ಬೆಲ್ಲ, ಒಂದೂಕಾಲು ಲೀಟರ್ ನೀರು, ಅರ್ಧ ಟೀ ಚಮಚ ಬೇಕರಿ ಈಸ್ಟ್, ಒಂದು ಚಿಟಿಕೆ ಸೋಡಾ. ಮೇಲೆ ಒಂದು ಗೇಣು ಖಾಲಿ ಬಿಡಲೇಬೇಕು. ಬೆಲ್ಲಕ್ಕೆ ನೊರೆ ಜಾಸ್ತಿ. ಪೈಪಿಗೆ ಹತ್ತಿದರೆ ಟ್ಯಾಂಕಿಗೆ ನೇರ ಹೋಗುತ್ತದೆ. ಅದಕ್ಕೆ ನಡುವೆ ಅರ್ಧ ನೀರು ತುಂಬಿದ ಇನ್ನೊಂದು ಬಾಟಲಿ ಇಡಿ. ನೊರೆ ಅಲ್ಲೇ ನಿಲ್ಲುತ್ತದೆ.

ಒಂದು ಎಚ್ಚರಿಕೆ ಮಾತ್ರ ಎಲ್ಲರೂ ನೆನಪಿಡಿ. ಈಸ್ಟ್ ಬಾಟಲಿಗೆ ಎಂದೂ ವಾಲ್ವ್ ಹಾಕಿ ಮುಚ್ಚಬೇಡಿ. ಒಳಗೆ ಗ್ಯಾಸ್ ಹುಟ್ಟುವುದು ನಿಲ್ಲುವುದಿಲ್ಲ, ಬಾಟಲಿ ಸಿಡಿಯುತ್ತದೆ. ರಾತ್ರಿ ಬೇಡ ಅಂದರೆ ಪೈಪನ್ನು ಟ್ಯಾಂಕಿನಿಂದ ಎತ್ತಿ ಹೊರಗೆ ಬಿಡಿ.


ಗುಮ್ಮಟನಗರಿ, ವಿಜಯಪುರ

ಬೆಳಗಾವಿಯಲ್ಲಿ ನಿಮ್ಮ ಮಾತು ಸರಿ, ಒಪ್ಪುತ್ತೇನೆ. ಕೇಳಿದವರು ಬಾಗಲಕೋಟೆಯವರು ಅಲ್ವಾ? ಅಲ್ಲಿಗೆ ಜೂನ್‌ನಿಂದ ಫೆಬ್ರುವರಿವರೆಗೆ ಈಸ್ಟ್ ನಡೆದರೂ ಬೇಸಿಗೆಯ ಮೂರು ತಿಂಗಳು ದಿನಾ ಪೈಪ್ ಎತ್ತಿ ಇಳಿಸುತ್ತಾ ಕೂರಬೇಕು. ಒಂದು ರಾತ್ರಿ ಮರೆತರೂ ಮೀನು ಹೋಗುತ್ತವೆ.


ನವನಗರದ ಹೊಸಬ, ಬಾಗಲಕೋಟೆ

ಇಬ್ಬರಿಗೂ ಧನ್ಯವಾದ. ಲೈಟ್ ಆರು ಗಂಟೆಗೆ ಇಳಿಸಿದೆ. ಸಿಟ್ರಿಕ್ ಆಸಿಡ್ ಕಡೆಗೇ ಮನಸ್ಸು ವಾಲುತ್ತಿದೆ. ಆದರೆ ಎಷ್ಟು ಗ್ಯಾಸ್ ಸಾಕು, ಎಷ್ಟು ಜಾಸ್ತಿ ಅಂತ ಗೊತ್ತಾಗುವುದು ಹೇಗೆ? ನನ್ನ ಹತ್ತಿರ ಪಿಎಚ್ ಪೆನ್ ಇದೆ, ಅದು ಸಾಕಾ? ಇನ್ನೊಂದು, 200 ಗ್ರಾಂಗೆ 260 ಗ್ರಾಂ ಅನ್ನುವ ಲೆಕ್ಕ ಎಲ್ಲಿಂದ ಬಂತು? ಬೇರೆ ಕಡೆ ಎರಡೂ 200 ಗ್ರಾಂ ಅಂತ ನೋಡಿದೆ.


ಕೆಮಿಸ್ಟ್ರಿ ಅಕ್ಕ, ಜಮಖಂಡಿ

ಇದು ನನ್ನ ಇಷ್ಟದ ಭಾಗ, ನಾನು ಹೇಳುತ್ತೇನೆ.

ಸಿಟ್ರಿಕ್ ಆಸಿಡಿನ ಒಂದು ಅಣು ಮೂರು ಅಣು ಸೋಡಾವನ್ನು ತಿನ್ನುತ್ತದೆ, ಮೂರು ಅಣು ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. ಆಸಿಡಿನ ಅಣುತೂಕ 192. ಸೋಡಾದ್ದು 84, ಮೂರಕ್ಕೆ 252. ಅಂದರೆ 192 ಗ್ರಾಂ ಆಸಿಡಿಗೆ 252 ಗ್ರಾಂ ಸೋಡಾ. 200 ಗ್ರಾಂಗೆ ಲೆಕ್ಕ ಹಾಕಿದರೆ 262 ಬರುತ್ತದೆ. ಎರಡೂ ಪೂರ್ತಿ ಸೇರಿದರೆ ಸುಮಾರು 137 ಗ್ರಾಂ ಗ್ಯಾಸ್, ಕೋಣೆಯ ಬಿಸಿಗೆ ಹತ್ತಿರ ಹತ್ತಿರ 75 ಲೀಟರ್. ಎರಡೂ 200 ಗ್ರಾಂ ಹಾಕಿದರೆ ಸೋಡಾ ಮೊದಲು ಮುಗಿಯುತ್ತದೆ, 57 ಲೀಟರ್ ಸಿಗುತ್ತದೆ, ಒಂದಷ್ಟು ಆಸಿಡ್ ಹಾಗೇ ಉಳಿಯುತ್ತದೆ. ಅಪಾಯ ಏನಿಲ್ಲ, ಸುಮ್ನೆ ಆಸಿಡ್ ದಂಡ. ನಿಮ್ಮ ಟ್ಯಾಂಕಿಗೆ ಒಂದು ಸಲ ತುಂಬಿದ್ದು ಮೂರ್ನಾಲ್ಕು ವಾರ ಬರಬೇಕು. ಕೊನೆಗೆ ಬಾಟಲಿಯಲ್ಲಿ ಉಳಿಯುವುದು ಸೋಡಿಯಂ ಸಿಟ್ರೇಟ್. ಬಚ್ಚಲಿಗೆ ಚೆಲ್ಲಬಹುದು.

ಇನ್ನು ಎಷ್ಟು ಸಾಕು ಅನ್ನುವುದು. ಗಿಡದ ಟ್ಯಾಂಕಿನವರು ಲೀಟರಿಗೆ 30 ಮಿಲಿಗ್ರಾಂ ಗುರಿ ಇಟ್ಟುಕೊಳ್ಳುತ್ತಾರೆ. ಪಿಎಚ್ ಪೆನ್ ಒಂದರಿಂದಲೇ ಇದು ಗೊತ್ತಾಗುವುದಿಲ್ಲ, ನೀರಿನ ಕೆಎಚ್, ಅಂದರೆ ಅದರಲ್ಲಿ ಬೈಕಾರ್ಬೊನೇಟ್ ಎಷ್ಟಿದೆ ಅನ್ನುವ ಅಳತೆ ಕೂಡ ಬೇಕು. ಸೂತ್ರ ಇದು: 7ರಿಂದ ಪಿಎಚ್ ಕಳೆಯಿರಿ. 10ಕ್ಕೆ ಆ ಘಾತ ಹಾಕಿ. ಬಂದದ್ದನ್ನು ಕೆಎಚ್‌ನಿಂದ, ಆಮೇಲೆ 3ರಿಂದ ಗುಣಿಸಿ. ಕೆಎಚ್ 4 ಇರುವ ಮೆತ್ತನೆ ನೀರಿನಲ್ಲಿ 30 ಮಿಲಿಗ್ರಾಂ ಆದಾಗ ಪಿಎಚ್ 6.6 ಇರುತ್ತದೆ. ಕೆಎಚ್ 12 ಇರುವ ಬೋರ್ ನೀರಿನಲ್ಲಿ ಅದೇ 30 ಮಿಲಿಗ್ರಾಂ ಆದಾಗ ಪಿಎಚ್ 7.1. ಬೋರ್ ನೀರಿನವರು ಯಾರೋ ಹೇಳಿದರು ಅಂತ ಪಿಎಚ್ 6.6 ಬರುವವರೆಗೆ ಗ್ಯಾಸ್ ಬಿಟ್ಟರೆ ಲೀಟರಿಗೆ 90 ಮಿಲಿಗ್ರಾಂ ಆಗುತ್ತದೆ. ಒಂದು ಮೀನೂ ಉಳಿಯುವುದು ಕಷ್ಟ.

ಇದರ ಬದಲು ಡ್ರಾಪ್ ಚೆಕರ್ ಇಡಿ. ಟ್ಯಾಂಕಿನೊಳಗೆ ಅಂಟಿಸುವ ಚಿಕ್ಕ ಗಾಜಿನ ಬುಡ್ಡಿ ಅದು. ಅದರಲ್ಲಿ ಟ್ಯಾಂಕ್ ನೀರು ಹಾಕಬಾರದು, ಕೆಎಚ್ 4 ಇರುವ ದ್ರಾವಣ ಹಾಕಬೇಕು. ಅದನ್ನು ಮನೆಯಲ್ಲೇ ಮಾಡಬಹುದು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 1.2 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ 40 ಆಗುತ್ತದೆ. ಅದರಿಂದ 10 ಮಿಲೀ ತೆಗೆದು 90 ಮಿಲೀ ಡಿಸ್ಟಿಲ್ಡ್ ನೀರಿಗೆ ಸೇರಿಸಿದರೆ ಕೆಎಚ್ 4. ಅದಕ್ಕೆ ಪಿಎಚ್ ಬದಲಾದಂತೆ ಬಣ್ಣ ಬದಲಿಸುವ ಬ್ರೋಮೋಥೈಮಾಲ್ ಬ್ಲೂ ಎರಡು ಮೂರು ಹನಿ. ಬುಡ್ಡಿ ನೀಲಿ ಇದ್ದರೆ ಗ್ಯಾಸ್ ಕಡಿಮೆ, ಹಸಿರಾದರೆ ಸರಿ, ಹಳದಿಗೆ ತಿರುಗಿದರೆ ಜಾಸ್ತಿ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ. ಈಗ ವಾಲ್ವ್ ತಿರುಗಿಸಿ ಐದು ನಿಮಿಷಕ್ಕೆ ಬಣ್ಣ ನೋಡಿ ಮತ್ತೆ ತಿರುಗಿಸಬೇಡಿ.


ಇಂಡಿ ಹುಡುಗ, ವಿಜಯಪುರ ಜಿಲ್ಲೆ

ಅಕ್ಕಾರ, ನಮ್ಮ ಇಂಡಿ ಕಡೆ ಲಿಂಬೆ ತೋಟ ಬೇಕಾದಷ್ಟಿವೆ. ದರ ಬಿದ್ದಾಗ ಹಣ್ಣು ಗಿಡದ ಕೆಳಗೇ ಕೊಳೆಯುತ್ತವೆ. ಸಿಟ್ರಿಕ್ ಆಸಿಡ್ ಬದಲು ಲಿಂಬೆ ರಸವನ್ನೇ ಹಾಕಿದರೆ ನಡೆಯುತ್ತದಾ?


ಕೆಮಿಸ್ಟ್ರಿ ಅಕ್ಕ, ಜಮಖಂಡಿ

ಕ್ರಿಯೆ ನಡೆಯುತ್ತದೆ, ಸೆಟಪ್ ನಡೆಯುವುದಿಲ್ಲ ತಮ್ಮಾ. ಲಿಂಬೆ ರಸದಲ್ಲಿ ಸಿಟ್ರಿಕ್ ಆಸಿಡ್ ನೂರಕ್ಕೆ ಐದಾರು ಭಾಗ ಮಾತ್ರ. 200 ಗ್ರಾಂ ಆಸಿಡಿಗೆ ಮೂರೂವರೆ ನಾಲ್ಕು ಲೀಟರ್ ರಸ ಬೇಕು, ಇನ್ನೂರು ಹಣ್ಣಿನ ಆಸುಪಾಸು. ಎರಡು ಲೀಟರಿನ ಬಾಟಲಿಗೆ ಅದು ಹಿಡಿಯುವುದೇ ಇಲ್ಲ. ರಸದಲ್ಲಿ ಸಕ್ಕರೆ, ತಿರುಳು ಇರುವುದರಿಂದ ವಾರದೊಳಗೆ ಬೂಸು ಬಂದು ಸಣ್ಣ ಪೈಪ್ ಕಟ್ಟಿಕೊಳ್ಳುತ್ತದೆ. ಹಣ್ಣನ್ನು ಉಪ್ಪಿನಕಾಯಿಗೆ ಇಟ್ಟುಕೊಳ್ಳಿ.


ಟಿಳಕವಾಡಿ ಟ್ಯಾಂಕ್, ಬೆಳಗಾವಿ

ಕಿಟ್ ತರದೆ ಮುಚ್ಚಳ ತಾವೇ ಮಾಡುವವರಿಗೆ ಒಂದು ಮಾತು. ಈಸ್ಟ್ ಬಾಟಲಿಗೆ ಇದು ಸಾಕು, ಸಿಟ್ರಿಕ್ ಆಸಿಡಿಗೆ ಬೇಡ.

ಬಾಟಲಿ ಮುಚ್ಚಳದ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಫೆವಿಕ್ವಿಕ್, ಎಂ ಸೀಲ್ ಹಾಕಿದರೂ ನಾಲ್ಕು ದಿನಕ್ಕೆ ಕಿತ್ತು ಬರುತ್ತದೆ. ಅಂಟನ್ನು ನಂಬುವ ಬದಲು ಬಿಗಿತವನ್ನು ನಂಬಿ. ಪೈಪಿಗಿಂತ ಒಂದು ಎಳೆ ಚಿಕ್ಕ ತೂತು ಮಾಡಿ. ಪೈಪಿನ ತುದಿಯನ್ನು ಬ್ಲೇಡಿನಿಂದ ಉದ್ದಕ್ಕೆ ಓರೆಯಾಗಿ ಕೊಯ್ಯಿರಿ. ಆ ಚೂಪು ತುದಿಯನ್ನು ತೂತಿನಲ್ಲಿ ತೂರಿಸಿ ಇನ್ನೊಂದು ಕಡೆಯಿಂದ ಪಕ್ಕಡ್ ಹಿಡಿದು ಎಳೆಯಿರಿ. ಪೈಪ್ ಸಪೂರಾಗಿ ಬಂದು ತೂತಿನಲ್ಲಿ ಮತ್ತೆ ಉಬ್ಬಿ ಕೂರುತ್ತದೆ. ಓರೆ ತುದಿ ಕತ್ತರಿಸಿ ಬಿಡಿ. ಸೋಪಿನ ನೀರು ಹಚ್ಚಿ ನೋಡಿ, ಒಂದು ಗುಳ್ಳೆಯೂ ಬರಬಾರದು.

ಗುಳ್ಳೆ ಎಣಿಸಲು ಔಷಧಿ ಅಂಗಡಿಯ ಸಲೈನ್ ಸೆಟ್ ಒಳ್ಳೆಯದು. ಹೊಸ ಸೆಟ್ ತನ್ನಿ, ಸೂಜಿ ಅಲ್ಲೇ ತೆಗೆಸಿ. ಹನಿ ಬೀಳುವ ಆ ಪಾರದರ್ಶಕ ಕೋಶದಲ್ಲಿ ಸ್ವಲ್ಪ ನೀರು ಹಾಕಿ ತಲೆಕೆಳಗೆ ಮಾಡಿ ಜೋಡಿಸಿದರೆ ಗುಳ್ಳೆ ಒಂದೊಂದೇ ಏರುವುದು ಕಾಣುತ್ತದೆ. ಸೆಟ್ಟಿನ ಚಕ್ರವನ್ನು ಮಾತ್ರ ವಾಲ್ವ್ ಅಂತ ಬಳಸಬೇಡಿ. ಮತ್ತೆ, ಸಿಲಿಕಾನ್ ಪೈಪ್ ಮೆತ್ತಗೆ ಚೆನ್ನಾಗಿರುತ್ತದೆ, ಆದರೆ ಅದರ ಗೋಡೆಯಿಂದಲೇ ಕಾರ್ಬನ್ ಡೈಆಕ್ಸೈಡ್ ಹೊರಗೆ ಸೋರುತ್ತದೆ. ಪಿಯು (ಪಾಲಿಯುರೆಥೇನ್) ಪೈಪ್ ತನ್ನಿ.

ಈಸ್ಟಿನ ಒತ್ತಡಕ್ಕೆ ಸೆರಾಮಿಕ್ ಡಿಫ್ಯೂಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ನಾನು ಪೈಪನ್ನು ಫಿಲ್ಟರ್ ನೀರು ಎಳೆಯುವ ಕಡೆಗೆ ಕೊಟ್ಟಿದ್ದೇನೆ. ಫಿಲ್ಟರಿನೊಳಗೆ ತಿರುಗುವ ರೆಕ್ಕೆಗಳು ಗುಳ್ಳೆಯನ್ನು ಚೂರು ಮಾಡಿ ಟ್ಯಾಂಕಿಗೆಲ್ಲ ಹರಡುತ್ತವೆ.


ಮಲಪ್ರಭೆ, ಖಾನಾಪುರ

ಒಂದು ಬೇಡಿಕೆ. ಗಿಡ ಬೇಕು ಅಂತ ನಮ್ಮ ಕಡೆ ಕಾಡಿನ ಹಳ್ಳಗಳಿಗೆ ಇಳಿದು ಕಿತ್ತು ಒಯ್ಯಬೇಡಿ. ಭೀಮಗಡ ವನ್ಯಜೀವಿ ಧಾಮ ಇಲ್ಲೇ ಇದೆ. ಅದರೊಳಗಿಂದ ಒಂದು ಎಲೆ ತರುವುದೂ ಅಪರಾಧ. ಹಳ್ಳದಲ್ಲಿ ವರ್ಷವಿಡೀ ತಂಪು, ಹರಿಯುವ, ಮೆತ್ತನೆ ನೀರು. ಅಲ್ಲಿನ ಗಿಡ ನಿಮ್ಮ ಬೋರ್ ನೀರಿಗೆ ಬಂದರೆ ಬದುಕುವುದೂ ಇಲ್ಲ. ಟ್ಯಾಂಕ್ ಇಟ್ಟವರು ಕತ್ತರಿಸಿದ ತುದಿಗಳನ್ನು ಎಸೆಯುತ್ತಿರುತ್ತಾರೆ, ಅವರನ್ನು ಕೇಳಿ.


ನವನಗರದ ಹೊಸಬ, ಬಾಗಲಕೋಟೆ

ಖಂಡಿತ. ರೊಟಾಲಾ ಇಲ್ಲೇ ಪರಿಚಯದವರ ಟ್ಯಾಂಕಿನದ್ದು.

ಅಣ್ಣಾರ, ನಮ್ಮಲ್ಲಿ ರಾತ್ರಿ ಕರೆಂಟ್ ಹೋಗುತ್ತಿರುತ್ತದೆ. ಆಗ ಏನು ಮಾಡುವುದು? ಬೆಳಗ್ಗೆ ಗೌರಾಮಿ ಆಗಾಗ ಮೇಲೆ ಬಂದು ಬಾಯಿ ಬಿಡುತ್ತವೆ, ಇನ್ನೂ ಗ್ಯಾಸ್ ಕೊಟ್ಟೇ ಇಲ್ಲ. ಅದನ್ನು ನೋಡಿ ಭಯ ಆಗಿದೆ.


ಗುಮ್ಮಟನಗರಿ, ವಿಜಯಪುರ

ಗೌರಾಮಿ ನೋಡಿ ಭಯ ಬೇಡ. ಅದಕ್ಕೆ ನೇರ ಗಾಳಿ ಕುಡಿಯುವ ಅಂಗ ಇದೆ, ಮೇಲೆ ಬಂದು ಒಂದು ಗುಟುಕು ಕುಡಿದು ಕೆಳಗೆ ಹೋಗುವುದು ಅದರ ಸ್ವಭಾವ. ನೀವು ರಾಸ್ಬೊರಾಗಳನ್ನು ನೋಡಿ. ಅವು ಗುಂಪಾಗಿ ಮೇಲ್ಮೈಗೆ ಅಂಟಿಕೊಂಡು ಕಿವಿರು ಬೇಗ ಬೇಗ ಆಡಿಸುತ್ತಿದ್ದರೆ ಆಗ ತೊಂದರೆ. ತಕ್ಷಣ ಗ್ಯಾಸ್ ಮುಚ್ಚಿ, ಏರ್ ಪಂಪ್ ಹಚ್ಚಿ, ಅರ್ಧ ನೀರು ಬದಲಿಸಿ. ಏರ್ ಪಂಪ್ ಒಂದೇ ಸಾಕು ಅನಿಸಿದರೂ ನೀರು ಬದಲಿಸುವುದು ಬಿಡಬೇಡಿ.

ಬಿಸಿಲಿನಲ್ಲಿ ಇದು ಇನ್ನೂ ಸೂಕ್ಷ್ಮ. 25 ಡಿಗ್ರಿಯ ನೀರು ಲೀಟರಿಗೆ 8.2 ಮಿಲಿಗ್ರಾಂ ಆಕ್ಸಿಜನ್ ಹಿಡಿಯುತ್ತದೆ, 30 ಡಿಗ್ರಿಯ ನೀರು 7.5. ಇದು ಸಮುದ್ರಮಟ್ಟದ ಲೆಕ್ಕ, ನಮ್ಮ ಎತ್ತರಕ್ಕೆ ಅದಕ್ಕಿಂತಲೂ ಕಡಿಮೆ. ನೀರು ಬಿಸಿಯಾದಂತೆ ಮೀನಿಗೆ ಆಕ್ಸಿಜನ್ ಹೆಚ್ಚು ಬೇಕು, ಸಿಗುವುದು ಕಡಿಮೆ. ಹಾಗಾಗಿ ಬೇಸಿಗೆಯಲ್ಲಿ ಚೆಕರ್ ಪೂರ್ತಿ ಹಸಿರಾಗುವುದು ಬೇಡ, ನೀಲಿ ಹಸಿರಿನಲ್ಲೇ ನಿಲ್ಲಿಸಿ. ಟ್ಯಾಂಕಿನ ಮೇಲೆ ಚಿಕ್ಕ ಫ್ಯಾನ್ ಬೀಸಲಿ. ಆವಿಯಾಗಿ ನೀರು ಎರಡು ಮೂರು ಡಿಗ್ರಿ ಇಳಿಯುತ್ತದೆ. ಇಳಿದ ಮಟ್ಟಕ್ಕೆ ಆರ್‌ಒ ನೀರು ಹಾಕಿ. ಬೋರ್ ನೀರನ್ನೇ ಹಾಕುತ್ತಾ ಹೋದರೆ ಗಡಸುತನ ಏರುತ್ತಲೇ ಹೋಗುತ್ತದೆ.

ಕರೆಂಟಿಗೆ ಉತ್ತರ ಸೊಲೆನಾಯ್ಡ್ ವಾಲ್ವ್. ಕರೆಂಟ್ ಇದ್ದರೆ ಮಾತ್ರ ಅದು ತೆರೆದಿರುತ್ತದೆ, ಹೋದರೆ ತಾನೇ ಮುಚ್ಚಿಕೊಳ್ಳುತ್ತದೆ. ಟೈಮರಿಗೆ ಕೊಟ್ಟರೆ ಲೈಟ್ ಹಚ್ಚುವ ಒಂದೂವರೆ ಗಂಟೆ ಮೊದಲು ಗ್ಯಾಸ್ ಶುರು, ಲೈಟ್ ಆರುವ ಒಂದು ಗಂಟೆ ಮೊದಲು ಬಂದ್. ಈಗ ದುಡ್ಡಿಲ್ಲದಿದ್ದರೆ ನೀಡಲ್ ವಾಲ್ವನ್ನು ಕೈಯಿಂದಲೇ ದಿನಾ ಮುಚ್ಚಿ, ಮನೆಯವರಿಗೂ ಹೇಳಿಕೊಡಿ. ರಾತ್ರಿಗೆ ಒಂದು ಬ್ಯಾಟರಿ ಏರ್ ಪಂಪ್ ಇರಲಿ. ಇದರಲ್ಲಿ ಜಿಪುಣತನ ಬೇಡ. ಗಿಡ ಸತ್ತರೆ ಮತ್ತೆ ನೆಡಬಹುದು, ಆ ಜೀವಗಳು ನಮ್ಮನ್ನು ನಂಬಿ ಗಾಜಿನೊಳಗೆ ಇವೆ.


ಕೆಮಿಸ್ಟ್ರಿ ಅಕ್ಕ, ಜಮಖಂಡಿ

ಟ್ಯಾಂಕಿನಲ್ಲಿ ಕಲ್ಲು ಇದೆ ಅಂದರಲ್ಲ, ಯಾವ ಕಲ್ಲು? ಬಾಗಲಕೋಟೆ, ಲೋಕಾಪುರ, ಮುಧೋಳ ಸುತ್ತ ಸುಣ್ಣದ ಕಲ್ಲು ಬಹಳ. ನೋಡಲು ಬೂದು, ಗೆರೆ ಗೆರೆಯಾಗಿ ಚೆಂದ. ಆದರೆ ಕಾರ್ಬನ್ ಡೈಆಕ್ಸೈಡ್ ಕರಗಿದ ನೀರು ಸ್ವಲ್ಪ ಹುಳಿಯಾಗುತ್ತದೆ, ಆ ಕಲ್ಲನ್ನು ದಿನಾ ಕರಗಿಸುತ್ತದೆ, ಕೆಎಚ್ ಏರುತ್ತಲೇ ಇರುತ್ತದೆ. ಹೇಗೂ ಸಿಟ್ರಿಕ್ ಆಸಿಡ್ ತರುತ್ತೀರಿ, ಗಟ್ಟಿಯಾಗಿ ಕಲಸಿ ಒಣ ಕಲ್ಲಿನ ಮೇಲೆ ನಾಲ್ಕು ಹನಿ ಹಾಕಿ. ಗುಳ್ಳೆ ಎದ್ದರೆ ಟ್ಯಾಂಕಿಗೆ ಬೇಡ. ಇಳಕಲ್ ಗ್ರಾನೈಟ್ ತುಂಡು, ಬಾದಾಮಿ ಕಡೆಯ ಕೆಂಪು ಮರಳುಗಲ್ಲು ಎರಡೂ ಒಳ್ಳೆಯವು. ಕಲ್ಲು ಒಡೆಯುವವರ ಹತ್ತಿರ ಚೂರು ಸಿಗುತ್ತವೆ. ಗುಡಿ, ಗುಹೆಗಳ ಸುತ್ತ ಬಿದ್ದ ಕಲ್ಲು ಮಾತ್ರ ಮುಟ್ಟಬೇಡಿ.


ತಿಕೋಟಾ ದ್ರಾಕ್ಷಿ, ವಿಜಯಪುರ ಜಿಲ್ಲೆ

ಗೊಬ್ಬರದ ಮಾತು ಯಾರೂ ಎತ್ತಲಿಲ್ಲ. ಗ್ಯಾಸ್ ಕೊಟ್ಟ ಮೇಲೆ ಗಿಡಕ್ಕೆ ಹಸಿವು ಹೆಚ್ಚಾಗುತ್ತದೆ. ಮೀನಿನ ಹೊಲಸು ಒಂದರಿಂದಲೇ ಅದು ತೀರುವುದಿಲ್ಲ. ಅಕ್ವೇರಿಯಂ ಗೊಬ್ಬರ ಅಂತ ಚಿಕ್ಕ ಬಾಟಲಿಗೆ ದೊಡ್ಡ ದುಡ್ಡು ಕೊಡಬೇಡಿ. ದ್ರಾಕ್ಷಿಗೆ ನಾವು ಡ್ರಿಪ್‌ನಲ್ಲಿ ಬಿಡುವ ಗೊಬ್ಬರವೇ ಇಲ್ಲೂ ಆಗುತ್ತದೆ. 13-0-45 ಅಂದರೆ ಪೊಟ್ಯಾಶಿಯಂ ನೈಟ್ರೇಟ್. 0-52-34 ಅಂದರೆ ಮೋನೋ ಪೊಟ್ಯಾಶಿಯಂ ಫಾಸ್ಫೇಟ್. ಎರಡೂ ಯಾವುದೇ ಗೊಬ್ಬರದಂಗಡಿಯಲ್ಲಿ ಸಿಗುತ್ತವೆ.

200 ಮಿಲೀ ನೀರಿಗೆ 10 ಗ್ರಾಂ 13-0-45 ಕರಗಿಸಿ ಇಡಿ. ವಾರಕ್ಕೆ ಎರಡು ಸಲ 10 ಮಿಲೀ ಹಾಕಿದರೆ ನಿಮ್ಮ 45 ಲೀಟರಿಗೆ ವಾರದಲ್ಲಿ ಲೀಟರಿಗೆ 13 ಮಿಲಿಗ್ರಾಂ ಚಿಲ್ಲರೆ ನೈಟ್ರೇಟ್ ಸೇರುತ್ತದೆ. ಇನ್ನೊಂದು 200 ಮಿಲೀ ನೀರಿಗೆ 2 ಗ್ರಾಂ 0-52-34. ಅದು ವಾರಕ್ಕೆ ಎರಡು ಸಲ 5 ಮಿಲೀ ಸಾಕು. ಸೂಕ್ಷ್ಮ ಪೋಷಕಾಂಶ, ಕಬ್ಬಿಣ ಬೇರೆ ದಿನ ಹಾಕಿ. ಫಾಸ್ಫೇಟ್ ಜೊತೆ ಸೇರಿದರೆ ಕಬ್ಬಿಣ ತಳಕ್ಕೆ ಕೂರುತ್ತದೆ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿದರೆ ಹೆಚ್ಚಾದದ್ದು ಹೊರಗೆ ಹೋಗುತ್ತದೆ.

19-19-19, 12-61-0, ಯೂರಿಯಾ ಮುಟ್ಟಲೇಬೇಡಿ. ಅವುಗಳಲ್ಲಿ ಅಮೋನಿಯಾ ರೂಪದ ಸಾರಜನಕ ಇದೆ, ಇಲ್ಲವೇ ಆಮೇಲೆ ಆಗುತ್ತದೆ. ಬಳ್ಳಿಗೆ ಒಳ್ಳೆಯದು, ಮೀನಿಗೆ ವಿಷ.


ಗೋಕಾಕ ವೆಲ್ಡರ್, ಬೆಳಗಾವಿ ಜಿಲ್ಲೆ

ಮುಂದೆ ಸಿಲಿಂಡರ್ ತರುವವರಿಗೆ ಹೇಳುತ್ತೇನೆ. ಹಳೆಯ ಬೆಂಕಿ ನಂದಿಸುವ ಸಿಲಿಂಡರನ್ನು ಗುಜರಿಯಿಂದ ತಂದು ಗ್ಯಾಸ್ ತುಂಬಿಸುವ ಯೋಚನೆ ಬಿಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ 20 ಡಿಗ್ರಿಗೆ 57 ಬಾರ್ ಒತ್ತಡ ಇರುತ್ತದೆ. 31 ಡಿಗ್ರಿ ದಾಟಿದರೆ ಒಳಗೆ ದ್ರವ ಅನ್ನುವುದೇ ಉಳಿಯುವುದಿಲ್ಲ, ಅಲ್ಲಿಂದ ಮೇಲೆ ಒತ್ತಡ ಸರ್ರನೆ ಏರುತ್ತದೆ. ನಮ್ಮ ಬೇಸಿಗೆಯಲ್ಲಿ 31 ಡಿಗ್ರಿ ಅಂದರೆ ಬೆಳಗಿನ ಹತ್ತು ಗಂಟೆ. ತುಂಬುವಾಗ ತೂಕ ನೋಡಿ, ಅಳತೆ ಮೀರಿ ತುಂಬಿಸಬೇಡಿ. ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಕೊಟ್ಟು ಮಾಡುವ ಗಟ್ಟಿತನದ ಪರೀಕ್ಷೆ) ತಾರೀಕು ಕೊರೆದಿರುವ ಸಿಲಿಂಡರನ್ನೇ ಗ್ಯಾಸ್ ಡೀಲರ್ ಹತ್ತಿರ ಕೊಳ್ಳಿ. ನಿಲ್ಲಿಸಿ ಕಟ್ಟಿ ಇಡಿ, ಬಿಸಿಲಿಗೆ ಬೇಡ, ಗಾಳಿ ಆಡದ ಚಿಕ್ಕ ಕೋಣೆಯಲ್ಲಿ ಬೇಡ.


ನವನಗರದ ಹೊಸಬ, ಬಾಗಲಕೋಟೆ

ಎಲ್ಲರಿಗೂ ತುಂಬಾ ಧನ್ಯವಾದ ರೀ. ಸೆಟಪ್ ಆಯಿತು. ಎರಡು ಬಾಟಲಿಯ ಕಿಟ್, 200ಕ್ಕೆ 260, ಕೈಯಿಂದಲೇ ತೆರೆದು ಮುಚ್ಚುವುದು. ಅಕ್ಕಾರ ಹೇಳಿದ ಹಾಗೆ ಚೆಕರ್ ದ್ರಾವಣ ಮಾಡಿದೆ, ಚಿನ್ನದ ಅಂಗಡಿಯ ಗೆಳೆಯನ ತಕ್ಕಡಿಯಲ್ಲಿ ತೂಗಿದೆ. ಕಲ್ಲಿಗೆ ಹನಿ ಹಾಕಿದರೆ ದೊಡ್ಡ ಬೂದುಗಲ್ಲು ಬುಸ್ ಅಂತ ನೊರೆ ಬಿಟ್ಟಿತು. ತೆಗೆದಿದ್ದೇನೆ. ರೊಟಾಲಾದ ಹೊಸ ತುದಿ ಅಗಲವಾಗಿ, ನಸುಗೆಂಪಾಗಿ ಬರುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಎಲೆಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ ಕೂತು, ಬಿಟ್ಟು, ಮೇಲೆ ಹೋಗುತ್ತವೆ. ಅಮ್ಮ ಕುರ್ಚಿ ಎಳೆದುಕೊಂಡು ನೋಡುತ್ತಾರೆ.

ಒಂದೇ ಅನುಮಾನ. ಚೆಕರ್ ಒಳ್ಳೆ ಹಸಿರು ತೋರಿಸುತ್ತದೆ. ಆದರೆ ಟ್ಯಾಂಕಿನ ಬಲಗಡೆ ಗಿಡ ಮಾತ್ರ ಹಾಗೇ ಇದೆ, ಅಲ್ಲಿ ಪಾಚಿಯೂ ಹೋಗಿಲ್ಲ. ಡಿಫ್ಯೂಸರ್, ಚೆಕರ್ ಎರಡೂ ಎಡಗಡೆ ಇವೆ.


ಗುಮ್ಮಟನಗರಿ, ವಿಜಯಪುರ

ಒಳ್ಳೆ ಕೆಲಸ ತಮ್ಮಾ. ಚೆಕರ್ ಡಿಫ್ಯೂಸರಿನ ಪಕ್ಕದಲ್ಲೇ ಇದ್ದರೆ ಏರುವ ಗುಳ್ಳೆಯನ್ನೇ ಅಳೆಯುತ್ತದೆ, ಟ್ಯಾಂಕನ್ನಲ್ಲ. ಅದನ್ನು ಬಲಗಡೆಗೆ, ನೀರಿನ ಅರ್ಧ ಆಳಕ್ಕೆ ಅಂಟಿಸಿ. ಡಿಫ್ಯೂಸರನ್ನು ಫಿಲ್ಟರ್ ನೀರು ಉಗುಳುವ ಬಾಯಿಯ ಕೆಳಗೆ, ತಳದ ಹತ್ತಿರ ಇಡಿ. ಹೊರಡುವ ನೀರು ಗುಳ್ಳೆಗಳನ್ನು ಬಲಗಡೆಯವರೆಗೆ ತಳ್ಳಿಕೊಂಡು ಹೋಗಬೇಕು. ಜಾಗ ಬದಲಿಸಿದ ಮೇಲೆ ಬುಡ್ಡಿ ನೀಲಿ ತೋರಿಸಬಹುದು. ಆಗಲೇ ವಾಲ್ವ್ ತಿರುಗಿಸಬೇಡಿ. ಎರಡು ದಿನ ಹಾಗೇ ಬಿಡಿ, ಹರಿವು ಬಲಗಡೆ ಎಲೆಗಳನ್ನು ಅಲ್ಲಾಡಿಸುತ್ತಿದೆಯೋ ಇಲ್ಲವೋ ನೋಡಿ. ಅಲ್ಲಾಡದಿದ್ದರೆ ಫಿಲ್ಟರ್ ಸ್ಪಂಜ್ ತೊಳೆಯಿರಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ. ಅಲ್ಲಾಡುತ್ತಿದ್ದೂ ನೀಲಿಯೇ ಇದ್ದರೆ ಸೆಕೆಂಡಿಗೆ ಒಂದು ಗುಳ್ಳೆಗೆ ಏರಿಸಿ. ರಜೆ ಇರುವ ದಿನ ಏರಿಸಿ, ಮೀನಿನ ಮೇಲೆ ಕಣ್ಣಿಡಲು ಆಗುತ್ತದೆ.